ಉಣುಗಿನ ಹಿಂದೆ ಇಪ್ಪತ್ತು ವರ್ಷ ಓಡಾಡುವವರು ಬೇಕಾಗಿದ್ದಾರೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರೇ,

ನಮಸ್ಕಾರ. ನಾನು ಮಲೆನಾಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಈ ಪತ್ರ ಮಂಗನ ಕಾಯಿಲೆಯ ಬಗ್ಗೆ, ಅಂದರೆ ಕಾಡಿನ ಉಣುಗು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರದ ಬಗ್ಗೆ. ಆದರೆ ಲಸಿಕೆ ಯಾವಾಗ ಬರುತ್ತದೆ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಯಾಕೆ ಇನ್ನೂ ಬಂದಿಲ್ಲ ಎಂದು ಕೇಳಲು ಬರೆಯುತ್ತಿಲ್ಲ. ಅದನ್ನು ಕೇಳುವವರು ಪ್ರತಿ ವರ್ಷವೂ ಇದ್ದಾರೆ, ಕೇಳಲಿ. ನಾನು ಕೇಳುವುದು ನೌಕರಿಯ ವಿಷಯ. ನನಗಲ್ಲ, ನನಗೆ ವಯಸ್ಸಾಯಿತು. ಈ ಕಾಯಿಲೆಯ ಅಧ್ಯಯನವನ್ನೇ ಜೀವನದ ಕೆಲಸ ಮಾಡಿಕೊಳ್ಳುತ್ತೇನೆ ಎಂದು ಹೊರಡುವ ಹುಡುಗ ಹುಡುಗಿಯರಿಗೆ ನಮ್ಮಲ್ಲಿ ಒಂದು ಜಾಗ ಇದೆಯೇ?

ಇದು ಸಣ್ಣ ವಿಷಯ ಅನ್ನಿಸಬಹುದು. ಹಾಗಲ್ಲ. ಈ ಕಾಯಿಲೆಯ ಬಗ್ಗೆ ಇವತ್ತು ನಮಗೆ ಏನು ಗೊತ್ತಿದೆಯೋ ಅದರಲ್ಲಿ ಮುಖ್ಯವಾದದ್ದನ್ನೆಲ್ಲ ಹುಡುಕಿದವರು ವರ್ಷಗಟ್ಟಲೆ ಇದೇ ಕೆಲಸದಲ್ಲಿ ಮುಳುಗಿದ್ದವರು. ಮೂರು ದಿನ ಬಂದು ಸ್ಯಾಂಪಲ್ ಒಯ್ದವರಲ್ಲ.

1957ರ ಮಾತು ನಿಮಗೆ ಗೊತ್ತಿರಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರುಗಳಲ್ಲಿ ಜನರಿಗೂ ಜೋರು ಜ್ವರ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಅದು 1952ರಲ್ಲಿ ಶುರುವಾದ ಸಂಸ್ಥೆ. ನಿಮ್ಮ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದು. ಮುಂದೆ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ ಆಯಿತು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಅಲ್ಲಿದ್ದವರಿಗೆ ಎದೆ ಹೊಡೆದುಕೊಂಡಿರಬೇಕು. ಯಾಕೆಂದರೆ ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವ ಕಾಯಿಲೆ ಎಂದರೆ ಆ ಕಾಲಕ್ಕೆ ಮೊದಲು ನೆನಪಾಗುತ್ತಿದ್ದದ್ದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳನ್ನು ಕಾಡಿದ ಆ ಜ್ವರ ಏಷ್ಯಾಕ್ಕೆ ಬಂದೇ ಇರಲಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ಇಲ್ಲಿ ಬೇಕಾದಷ್ಟಿತ್ತು.

ಕೇಂದ್ರದ ನಿರ್ದೇಶಕರಾಗಿದ್ದ ಟೆಲ್‌ಫೋರ್ಡ್ ವರ್ಕ್ ತಾವೇ ತಂಡ ಕಟ್ಟಿಕೊಂಡು ಬಂದರು. ಆ ವರ್ಷದ ಮಾರ್ಚ್‌ನಲ್ಲೇ ಕ್ಯಾಸನೂರು ಕಾಡಿನ ಒಂದು ಮುಸಿಯನ (ಕಪ್ಪು ಮುಖದ ಮಂಗ) ದೇಹದಿಂದ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್ಸು. ಸರಿ, ಹಾಗಾದರೆ ಇಲ್ಲೂ ಉಣುಗೇ ಇರಬೇಕು ಎಂದು ಹುಡುಕಲು ಹೊರಟರು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಪಿ. ಕೆ. ರಾಜಗೋಪಾಲನ್. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಈ ಹೆಸರು ಕೇಳಿದರೆ ಗೊತ್ತಿರುವವರು ಸಿಗುವುದಿಲ್ಲ. ಗೊತ್ತಿರಬೇಕಿತ್ತು. ಟೆಲ್‌ಫೋರ್ಡ್ ವರ್ಕ್ ಜೊತೆಗೆ, ಪನಾಮಾದಲ್ಲಿ ಕೆಲಸ ಮಾಡಿ ಬಂದಿದ್ದ ಹೆರಾಲ್ಡ್ ಟ್ರಪಿಡೊ ಜೊತೆಗೆ ಈ ತರುಣ ಕಾಡಿಗೆ ಇಳಿದರು. ಕಾಡಿನ ಉಣುಗುಗಳಿಂದ ಈ ವೈರಸ್ಸನ್ನು ಮೊದಲು ಬೇರ್ಪಡಿಸಿದ ವರದಿ 1959ರದ್ದು. ಅದರ ಮೇಲೆ ಇವರ ಹೆಸರೂ ಇದೆ. ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗೇ ಮುಖ್ಯ ವಾಹಕ ಎಂದು ತಿಳಿದದ್ದು ಹೀಗೆ. ಬೇರೆಯವರಾಗಿದ್ದರೆ ವರದಿ ಬರೆದು ಪುಣೆಗೆ ವಾಪಸಾಗುತ್ತಿದ್ದರೇನೋ. ಇವರು ಒಂದು ದಶಕಕ್ಕೂ ಜಾಸ್ತಿ ಇದೇ ಕೆಲಸದಲ್ಲಿ ಉಳಿದರು. ಸಾಗರ ಪಟ್ಟಣದಲ್ಲಿ ಆಗ ಪುಣೆ ಕೇಂದ್ರದ ಕ್ಷೇತ್ರ ಠಾಣೆಯೇ ಇತ್ತು.

ಅಷ್ಟು ವರ್ಷ ಅಲ್ಲಿ ಮಾಡುವುದೇನಿತ್ತು ಅಂತೀರಾ? ಉಣುಗಿನ ಬದುಕು ನೋಡಿ, ಆಗ ಅರ್ಥವಾಗುತ್ತದೆ. ಈ ಜೀವಿ ಒಂದೇ ಪ್ರಾಣಿಯ ಮೇಲೆ ಬದುಕುವುದಿಲ್ಲ. ಮೊಟ್ಟೆಯೊಡೆದು ಬರುವ ಮರಿ ಸಿಕ್ಕ ಪ್ರಾಣಿಯ ರಕ್ತ ಕುಡಿದು ಬಿದ್ದುಹೋಗುತ್ತದೆ. ಪೊರೆ ಕಳಚಿ ಎರಡನೇ ಹಂತಕ್ಕೆ ಬಂದು ಮತ್ತೊಂದು ಪ್ರಾಣಿ ಹಿಡಿಯುತ್ತದೆ. ಮತ್ತೆ ಬೀಳುತ್ತದೆ. ದೊಡ್ಡದಾದ ಮೇಲೆ ಮೂರನೇ ಪ್ರಾಣಿ, ನಮ್ಮಲ್ಲಿ ಹೆಚ್ಚಾಗಿ ದನ. (ಮರಿಗೆ ಆರೇ ಕಾಲು, ಆಮೇಲೆ ಎಂಟು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದನ್ನು ಕೇಳಿ ಎಷ್ಟು ಮಕ್ಕಳನ್ನು ಗೋಳಾಡಿಸಿದ್ದೇನೋ!) ಒಮ್ಮೆ ವೈರಸ್ ಒಳಗೆ ಹೋದರೆ ಪೊರೆ ಕಳಚಿದರೂ ಅದು ಉಳಿಯುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಅಂಟಿಸುವುದು ಆ ಎರಡನೇ ಹಂತದ್ದು. ಎಳ್ಳಿನಷ್ಟೂ ಇರುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಳೆ ಮುಗಿದು ನೆಲ ಒಣಗಿದ ಮೇಲೆ ಅವು ಮೇಲೇಳುತ್ತವೆ. ನವೆಂಬರ್‌ನಿಂದ ಮೇ ತನಕ ಕಾಯಿಲೆಯ ಕಾಲ ಆಗುವುದು ಇದಕ್ಕೇ. ನಾವು ಸೌದೆಗೆ, ದರಕಿಗೆ (ಉದುರಿದ ಒಣ ಎಲೆ), ಸೊಪ್ಪಿಗೆ ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ ಅಲ್ವಾ?

ಒಂದು ಸುತ್ತು ಮುಗಿಯಲು ಸುಮಾರು ಒಂದು ವರ್ಷ. ಅಂದರೆ ಒಂದು ವರ್ಷ ನೋಡಿದವರು ಒಂದು ಸುತ್ತು ನೋಡಿದಂತೆ. ಮಳೆ ಜಾಸ್ತಿಯಾದ ವರ್ಷ ಏನಾಯಿತು, ಕಾಡು ಕಡಿದ ಕಡೆ ಏನಾಯಿತು, ಮಂಗ ಸತ್ತ ಮರದ ಕೆಳಗೆ ಮುಂದಿನ ಬೇಸಿಗೆಯಲ್ಲೂ ವೈರಸ್ ಇತ್ತಾ ಎಂದು ಹೇಳಬೇಕಾದರೆ ಹತ್ತು ಸುತ್ತಾದರೂ ಬೇಕು. ಈಗ ನಾವು ಕೊಡುವ ಪ್ರಾಜೆಕ್ಟುಗಳ ಆಯಸ್ಸು ಎರಡೋ ಮೂರೋ ವರ್ಷ. ಉಣುಗಿನ ಲೆಕ್ಕದಲ್ಲಿ ಅದು ಎರಡೋ ಮೂರೋ ತಲೆಮಾರು!

ಅದೇ ಗುಂಪಿನ ಇನ್ನೊಬ್ಬರು ಜಾರ್ಜ್ ಬೊಶೆಲ್. ಕೊಲಂಬಿಯಾದವರು. ಹಳದಿ ಜ್ವರದ ಕಾಡುಗಳಲ್ಲಿ ಓಡಾಡಿದವರು. ಮರ ಕಡಿದು ಬೀಳಿಸಿದಾಗ ಮೇಲಿನ ಕೊಂಬೆಗಳಲ್ಲಿದ್ದ ಸೊಳ್ಳೆಗಳು ಕಡಿಯುವವನ ಸುತ್ತ ಮುತ್ತಿಕೊಳ್ಳುವುದನ್ನು ಅವರು ಅಲ್ಲಿ ಕಂಡಿದ್ದರು. ಮಂಗಗಳ ನಡುವೆ ಇದ್ದ ಜ್ವರ ಮನುಷ್ಯನಿಗೆ ಇಳಿದುಬರುವ ದಾರಿ ಅದು. ಅದೇ ಕಣ್ಣಿನಿಂದ ನಮ್ಮ ಮಲೆನಾಡನ್ನು ನೋಡಿದರು. ಕಾಡು ಒಡೆದು ಗದ್ದೆ ತೋಟ ಮಾಡುವುದು, ಆ ಅಂಚಿನಲ್ಲಿ ದನ ಮೇಯಿಸುವುದು, ದನದ ಮೈಮೇಲೆ ಉಣುಗು ಬೆಳೆದು ಮತ್ತೆ ಕಾಡಿಗೆ ಬೀಳುವುದು, ಇವನ್ನೆಲ್ಲ ಜೋಡಿಸಿ 1969ರಲ್ಲಿ ಬರೆದರು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿಗೆ ಅನ್ನ ಹಾಕುವುದು ಅದೇ. ಒಂದು ಖಂಡದಲ್ಲಿ ಪಳಗಿದ ಕಣ್ಣು ಇನ್ನೊಂದು ಖಂಡದಲ್ಲಿ ಉಪಯೋಗಕ್ಕೆ ಬಂತು. ಇದು ಯಾವ ಯಂತ್ರದಿಂದಲೂ ಆಗುವ ಕೆಲಸವಲ್ಲ.

ಅದನ್ನು ನಾವು ಓದಿಕೊಂಡೆವೇ? 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿಸಲಾಯಿತು. ಅದರ ಬೆನ್ನಿಗೇ ಪಟ್ರಮೆಯ ಸುತ್ತಮುತ್ತ ಮಂಗನ ಕಾಯಿಲೆ ದೊಡ್ಡದಾಗಿ ಎದ್ದಿತು. ಬೊಶೆಲ್ ಬರೆದು ಹೆಚ್ಚು ಕಡಿಮೆ ಹದಿನೈದು ವರ್ಷ ಆಗಿತ್ತು. ಬರೆದದ್ದನ್ನು ನೆನಪಿಟ್ಟು "ಬೇಡ ಸ್ವಾಮಿ, ಇಲ್ಲಿ ಕಡಿಯುವ ಮೊದಲು ಯೋಚಿಸಿ" ಎಂದು ಅರಣ್ಯ ಇಲಾಖೆಗೆ ಹೇಳುವ ಕುರ್ಚಿಯೊಂದು ನಮ್ಮಲ್ಲಿ ಇರಬೇಕಿತ್ತು.

ರಾಜಗೋಪಾಲನ್ ಮುಂದೆ ಏನು ಮಾಡಿದರು ಎಂಬುದೂ ಈ ಪತ್ರಕ್ಕೆ ಬೇಕು. 1975ರಿಂದ 1990ರವರೆಗೆ ಪುದುಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ನಡೆಸಿದರು. ಅದೂ ನಿಮ್ಮ ಮಂಡಳಿಯದೇ. ಕಾಡಿನಲ್ಲಿ ಉಣುಗು ಹುಡುಕಿದವರು ಅಲ್ಲಿ ಚರಂಡಿ ಹುಡುಕಿದರು. ಆನೆಕಾಲು ರೋಗದ ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಅಲ್ಲೇ ಅದನ್ನು ತಡೆಯುವುದು ಹೇಗೆ ಎಂಬುದೇ ಅವರ ದಾರಿ. ಕೇರಳದ ಚೇರ್ತಲದಲ್ಲಿ ಇನ್ನೊಂದು ಜಾತಿಯ ಸೊಳ್ಳೆ. ಅದರ ಮರಿಗಳು ನೀರಿನ ಮೇಲೆ ಬಂದು ಉಸಿರಾಡುವುದಿಲ್ಲ. ಅಂತರಗಂಗೆ ಗಿಡದ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ತೆಗೆದುಕೊಳ್ಳುತ್ತವೆ. ಅಂಥದ್ದಕ್ಕೆ ನೀರಿನ ಮೇಲೆ ಔಷಧಿ ಹೊಡೆದರೆ ಏನು ಬಂತು? ಅಂತರಗಂಗೆಯನ್ನೇ ಕಿತ್ತು ತೆಗೆದು ಆ ಹೊಂಡಗಳಲ್ಲಿ ಮೀನು ಸಾಕುವ ಹಾಗೆ ಊರಿನವರನ್ನು ಒಪ್ಪಿಸಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಲೆನಾಡಿನ ಕಾಡಿನಲ್ಲಿ ಕಲಿತದ್ದು ಚೇರ್ತಲದ ಹೊಂಡದಲ್ಲಿ ಫಲ ಕೊಟ್ಟಿತು ಎಂದರೆ ತಪ್ಪಿಲ್ಲ. ರೋಗಿಯನ್ನಷ್ಟೇ ನೋಡದೆ ಆ ಜೀವಿ ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆ ಎಂದು ನೋಡುವ ಅಭ್ಯಾಸ ಅದು.

ಪುಣೆಯ ಖೋರ್ಷೆದ್ ಪಾವ್ರಿ ಅವರೂ ಈ ಕಾಯಿಲೆಯ ಮೇಲೆ ಕೆಲಸ ಮಾಡಿಯೇ ಬೆಳೆದವರು. ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿಯಾದರು. ಆ ಪೀಳಿಗೆಯವರು ಸುಲಭದ ಕೆಲಸವನ್ನೇನೂ ಮಾಡಲಿಲ್ಲ. ಪ್ರಯೋಗಾಲಯದಲ್ಲಿ ಈ ವೈರಸ್ ಹಲವರಿಗೆ ತಗುಲಿತು. ಈಗಿನಂಥ ಭದ್ರ ಕೋಣೆಗಳು ಆಗ ಇರಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ನನ್ನ ಒಬ್ಬ ವಿದ್ಯಾರ್ಥಿನಿ. ಅಡಿಕೆ ತೋಟದ ಮನೆಯ ಹುಡುಗಿ. ಎಂಎಸ್ಸಿ ಮುಗಿಸಿ ಉಣುಗಿನ ಪ್ರಾಜೆಕ್ಟೊಂದಕ್ಕೆ ಸೇರಿಕೊಂಡಳು. ಸಂಸ್ಥೆಯ ಹೆಸರು ಬೇಡ. ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ಉಣುಗು ಹಿಡಿಯುವುದು, ಸೂಕ್ಷ್ಮದರ್ಶಕದ ಕೆಳಗೆ ಜಾತಿ ಗುರುತಿಸುವುದು ಅವಳ ಕೆಲಸ. ಈ ಗುರುತಿಸುವ ವಿದ್ಯೆ ಇದೆಯಲ್ಲ, ಅದು ಪುಸ್ತಕದಿಂದ ಬರುವುದಿಲ್ಲ. ಒಂದೇ ಕುಲದ ಹಲವು ಜಾತಿಗಳು ಅದೇ ತರಗೆಲೆಯಲ್ಲಿರುತ್ತವೆ. ಎಳೆ ಹಂತದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಸಾವಿರಗಟ್ಟಲೆ ನೋಡಿದ ಮೇಲೆ ಕೈ ಕೂರುತ್ತದೆ. ಅವಳಿಗೆ ಕೈ ಕೂರುವ ಹೊತ್ತಿಗೆ ಪ್ರಾಜೆಕ್ಟ್ ಮುಗಿಯಿತು. ಮುಂದುವರಿಸುತ್ತೇವೆ ಎಂದರು, ಮುಂದುವರಿಯಲಿಲ್ಲ. ಆ ವರ್ಷ ನಮ್ಮ ಕಡೆ ಸಾವು ಕಡಿಮೆ ಇತ್ತು, ಹಾಗಾಗಿ ತುರ್ತು ಇರಲಿಲ್ಲವೇನೋ! ಅವಳು ಈಗ ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಪರೀಕ್ಷಾ ಕಿಟ್ ಮಾರುವ ಕಂಪನಿಯಲ್ಲಿದ್ದಾಳೆ. ಸಂಬಳ ಚೆನ್ನಾಗಿದೆ. ಹೆಸರು ಬರೆದು ಜೋಡಿಸಿಟ್ಟು ಬಂದ ಆ ಸೀಸೆಗಳು ಏನಾದವು ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇದು ಒಬ್ಬಳ ಕಥೆಯಲ್ಲ. ಸುಮ್ನೆ ಯಾವುದೇ ಜೀವಶಾಸ್ತ್ರ ವಿಭಾಗಕ್ಕೆ ಹೋಗಿ ಕೇಳಿ. ಗುತ್ತಿಗೆಯ ಮೇಲೆ ಕಾಡಿಗೆ ಹೋಗುವ ಹುಡುಗರಿಗೆ ವಿಮೆ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವಾಗ ಉಣುಗಿನ ಕಾಲವೇ ಮುಗಿದಿರುತ್ತದೆ. ಆರೋಗ್ಯ, ಪಶುಸಂಗೋಪನೆ, ಅರಣ್ಯ ಮೂರೂ ಒಂದಾಗಬೇಕು ಎಂಬ ಭಾಷಣಗಳಿಗೆ ಮಾತ್ರ ಬರ ಇಲ್ಲ. ಒಳ್ಳೆಯ ಹೋಟೆಲ್‌ಗಳಲ್ಲಿ ಒಳ್ಳೆಯ ಊಟದ ಜೊತೆ ನಡೆಯುತ್ತಲೇ ಇವೆ.

ವರ್ಗಾವಣೆ ಎಂಬುದು ಈ ವಿದ್ಯೆಗೆ ಹಳೆಯ ಶತ್ರು. ರೊನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡರು. ಬೆನ್ನಲ್ಲೇ ಸೇನೆ ಅವರನ್ನು ಮಲೇರಿಯಾವೇ ಅಪರೂಪವಾಗಿದ್ದ ರಾಜಪುತಾನದ ಖೇರ್ವಾಡಕ್ಕೆ ಎತ್ತಿಹಾಕಿತು. ಕೆಲಸ ಮುಂದುವರಿಸಲು ಕಲ್ಕತ್ತೆಗೆ ಹೋಗುವ ತನಕ ಕಾಯಬೇಕಾಯಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗನ ಕಾಯಿಲೆಯ ರೋಗಿಯನ್ನು ನೋಡಿದ ಕೂಡಲೇ ಅನುಮಾನ ಪಡುವ ವೈದ್ಯರು, ಸತ್ತ ಮಂಗ ಕಂಡರೆ ಯಾರಿಗೆ ಫೋನ್ ಮಾಡಬೇಕೆಂದು ಊರಿಗೇ ಕಲಿಸಿದ ಆರೋಗ್ಯ ನಿರೀಕ್ಷಕರು ತಯಾರಾಗುತ್ತಾರೆ. ಅಷ್ಟರಲ್ಲಿ ವರ್ಗಾವಣೆ ಆದೇಶ ಬರುತ್ತದೆ. ಹೊಸಬರು ಬಂದು ಅ ಆ ಇ ಈಯಿಂದ ಶುರು ಮಾಡಬೇಕು.

ಲಸಿಕೆಯ ಬಗ್ಗೆ ಬರೆಯುವುದಿಲ್ಲ ಎಂದಿದ್ದೆ. ಆದರೂ ಒಂದು ಮಾತು, ಯಾಕೆಂದರೆ ಅದೂ ಇದೇ ಕಥೆ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಲ್ಲಿ ಸಾಯಿಸಿ ಮಾಡಿದ ಲಸಿಕೆ ಪುಣೆಯಲ್ಲಿ ಹುಟ್ಟಿತು. 1990ರ ದಶಕದಿಂದ ನಮ್ಮ ಜನರಿಗೆ ಸಿಕ್ಕಿತು. ತಯಾರಾಗುತ್ತಿದ್ದದ್ದು ಬೆಂಗಳೂರಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಜಾಗ ನೋಯುತ್ತಿತ್ತು, ಜನ ಎರಡನೆಯದಕ್ಕೇ ಬರುತ್ತಿರಲಿಲ್ಲ. 2005ರಿಂದ 2010ರ ಅಂಕಿ ಅಂಶ ಹಿಡಿದು ಮಾಡಿದ ಅಧ್ಯಯನವೊಂದು 2013ರಲ್ಲಿ ಬಂತು. ಎರಡು ಡೋಸ್ ಪಡೆದವರಿಗೆ ಶೇಕಡಾ 62ರಷ್ಟು ರಕ್ಷಣೆ, ಬೂಸ್ಟರ್ ಕೂಡ ಪಡೆದವರಿಗೆ ಶೇಕಡಾ 83ರಷ್ಟು ಎಂದು ಅದು ಹೇಳಿತು. ಆಮೇಲೆ ಲಸಿಕೆಯ ಶಕ್ತಿಯ ಬಗ್ಗೆಯೇ ಅನುಮಾನ ಎದ್ದು 2022ರಲ್ಲಿ ನಿಲ್ಲಿಸಬೇಕಾಯಿತು. ಹೊಸದರ ಕೆಲಸ ನಿಮ್ಮ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೈಯಲ್ಲಿದೆ. ಒಳ್ಳೆಯದು. ಆದರೆ ಒಂದೇ ಲಸಿಕೆಯನ್ನು ಮೂರು ದಶಕ ಹಾಗೇ ನಡೆಸಿಕೊಂಡು ಬಂದದ್ದು ಯಾಕೆ? ಪ್ರತಿ ವರ್ಷ ಅದನ್ನು ಪರೀಕ್ಷಿಸುವುದು, ಸುಧಾರಿಸುವುದು, ಕಾಡಿನ ವೈರಸ್ ಬದಲಾಗಿದೆಯೇ ಎಂದು ಹೋಲಿಸುವುದು ಯಾರದೋ ಜೀವನದ ಕೆಲಸ ಆಗಿರಬೇಕಿತ್ತು.

ಕಾಯಿಲೆಯಂತೂ ಸುಮ್ಮನೆ ಕೂತಿಲ್ಲ. ಮೊದಲು ಶಿವಮೊಗ್ಗ ಸೀಮೆಯದು ಎನ್ನುತ್ತಿದ್ದರು. 2012ರಲ್ಲಿ ಬಂಡೀಪುರದಲ್ಲಿ ಕಂಡಿತು. ಮರುವರ್ಷ ವಯನಾಡು, ನೀಲಗಿರಿ. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2018-19ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಮನೆಗಳು ಅತ್ತವು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಇವತ್ತಿಗೂ ಈ ಜ್ವರಕ್ಕೆಂದೇ ಮಾಡಿದ ಔಷಧಿ ಇಲ್ಲ. ರಕ್ತಸ್ರಾವ, ನೀರಿನಂಶ, ಪ್ಲೇಟ್‌ಲೆಟ್ ನೋಡಿಕೊಳ್ಳುತ್ತಾ ರೋಗಿಯನ್ನು ದಾಟಿಸುವುದಷ್ಟೇ.

ಇಷ್ಟೊಂದು ಅಪರೂಪದ ಕಾಯಿಲೆಗೆ ಕಾಯಂ ಹುದ್ದೆ ಯಾಕೆ ಎಂದು ಹಣಕಾಸು ಇಲಾಖೆಯವರು ಕೇಳುತ್ತಾರೆ. ಕೇಳಬೇಕಾದ್ದೇ, ಅದು ಅವರ ಕೆಲಸ. ಅವರಿಗೆ ಹೀಗೆ ಹೇಳಿ: 2020ರ ಜನವರಿ 30ರಂದು ದೇಶದ ಮೊದಲ ಕೋವಿಡ್ ಪ್ರಕರಣ ಖಚಿತವಾದದ್ದು ಪುಣೆಯ ವೈರಾಣು ಸಂಸ್ಥೆಯಲ್ಲಿ. ಕೇರಳದ ನಿಪಾ ಖಚಿತವಾದದ್ದೂ ಅಲ್ಲಿಯೇ. ಸೊಳ್ಳೆ, ಉಣುಗುಗಳ ವೈರಸ್ ಹುಡುಕಲು 1952ರಲ್ಲಿ ಕಟ್ಟಿದ ಮನೆ ಅದು. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೆಲಸ ದಾಟಿಸಿಕೊಂಡು ಬಂದವರಿದ್ದರು. ಅದಕ್ಕೇ ಯಾರೂ ಕಾಣದ ವೈರಸ್ ಬಂದಾಗಲೂ ಕೈ ಕಟ್ಟಿ ಕೂರಬೇಕಾಗಲಿಲ್ಲ. ಮುಂದಿನ ಹೊಸ ಜ್ವರ ಯಾವ ಕಾಡಿನಿಂದ ಬರುತ್ತದೋ ಯಾರಿಗೆ ಗೊತ್ತು? ಪಶ್ಚಿಮ ಘಟ್ಟದಿಂದ ಒಂದಂತೂ ಬಂದಾಗಿದೆ.

ಹಾಗಾದರೆ ನನ್ನ ಬೇಡಿಕೆ ಏನು? ಸಾಗರಕ್ಕೆ ಒಂದು ಸಂಶೋಧನಾ ಕೇಂದ್ರ ಬೇಕು ಎಂಬ ಮಾತು ನಮ್ಮಲ್ಲಿ ಹಳತಾಗಿದೆ. ಕಟ್ಟಡ ಕಟ್ಟುವುದು ಸುಲಭ, ಗುತ್ತಿಗೆದಾರರು ತಯಾರಾಗಿಯೇ ಇರುತ್ತಾರೆ. ನನಗೆ ಕಟ್ಟಡಕ್ಕಿಂತ ಮೊದಲು ಹುದ್ದೆ ಬೇಕು. ಒಬ್ಬ ಉಣುಗು ತಜ್ಞ, ಒಬ್ಬ ವೈರಸ್ ತಜ್ಞ, ಒಬ್ಬ ವನ್ಯಪ್ರಾಣಿ ವೈದ್ಯ, ಕಾಯಿಲೆಯ ಅಂಕಿ ಅಂಶಗಳ ಲೆಕ್ಕ ನೋಡುವ ಒಬ್ಬ. ಇವರ ಜೊತೆ ಕಾಡು ಗೊತ್ತಿರುವ ಊರಿನ ಜನ, ಅವರೂ ಕಾಯಂ ಸಂಬಳದ ಮೇಲೆ. ಕಾಡಿನಲ್ಲಿ ಎಲ್ಲಿ ದರಕು ದಪ್ಪಗೆ ಬೀಳುತ್ತದೆ, ಮಂಗಗಳ ಗುಂಪು ಯಾವ ಮರದಲ್ಲಿ ರಾತ್ರಿ ಕಳೆಯುತ್ತದೆ ಎಂದು ಬಲ್ಲವರು ಅವರೇ. ಇವರಿಗೆ ವರ್ಗಾವಣೆ ಬೇಡ. ಕೇಸು ಕಡಿಮೆಯಾದ ವರ್ಷ ಅನುದಾನ ನಿಲ್ಲಬಾರದು, ಯಾಕೆಂದರೆ ಕಾಯಿಲೆ ಯಾಕೆ ಕಡಿಮೆಯಾಯಿತು ಎಂದು ನೋಡಬೇಕಾದ ವರ್ಷ ಅದೇ. ಬಡ್ತಿಯನ್ನು ಎಷ್ಟು ಪ್ರಬಂಧ ಅಚ್ಚಾಯಿತು ಎಂದಷ್ಟೇ ನೋಡಿ ಕೊಡಬೇಡಿ. ಮಂಗ ಸತ್ತ ಸುದ್ದಿ ಸಿಕ್ಕ ಮೇಲೆ ಊರಿಗೆ ಎಚ್ಚರಿಕೆ ಹೋಗಲು ಎಷ್ಟು ಹೊತ್ತಾಯಿತು ಎಂಬುದನ್ನೂ ನೋಡಿ.

ಪುದುಚೇರಿಯ ಕೇಂದ್ರದಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದಲ್ಲಿ ಎಂಎಸ್ಸಿ ಇದೆ. ಕಲಿಸುವ ಜಾಗ ಇದೆ ಎಂದಾಯಿತು. ಕಲಿತವರಿಗೆ ಕರ್ನಾಟಕದಲ್ಲಿ ಏನಿದೆ? ಜಿಲ್ಲಾವಾರು ಕೀಟಶಾಸ್ತ್ರಜ್ಞರ ಹುದ್ದೆಗಳು ಎಷ್ಟು, ಭರ್ತಿಯಾದವು ಎಷ್ಟು, ಗುತ್ತಿಗೆಯವು ಎಷ್ಟು ಎಂಬ ಪಟ್ಟಿಯನ್ನು ಇಲಾಖೆ ಪ್ರಕಟಿಸಲಿ. ಅಲ್ಲಿಂದ ಮಾತು ಶುರು ಮಾಡೋಣ.

ಇನ್ನೊಂದು ಸಣ್ಣ ಕೆಲಸ, ಖರ್ಚು ಕಡಿಮೆ. ಸಾಗರದ ಠಾಣೆಯಲ್ಲಿ ಆ ಕಾಲದವರು ಬರೆದಿಟ್ಟ ಉಣುಗಿನ ಲೆಕ್ಕ, ನಕ್ಷೆ, ಮಂಗಗಳ ಸಾವಿನ ದಾಖಲೆ ಎಲ್ಲಿ ಉಳಿದಿದ್ದರೂ ಹುಡುಕಿಸಿ, ಸ್ಕ್ಯಾನ್ ಮಾಡಿಸಿ, ನಮ್ಮ ಕಾಲೇಜುಗಳಿಗೆ ಕೊಡಿ. ಅರವತ್ತು ವರ್ಷದ ಹಿಂದೆ ಯಾವ ಕಾಡಿನಲ್ಲಿ ಯಾವ ಉಣುಗು ಎಷ್ಟಿತ್ತು ಎಂದು ಗೊತ್ತಾದರೆ ಈಗಿನದಕ್ಕೆ ಹೋಲಿಸಬಹುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ?

ನವೆಂಬರ್‌ಗೆ ಮತ್ತೆ ಕಾಲ ಶುರುವಾಗುತ್ತದೆ. ಅಷ್ಟರೊಳಗೆ ಹುದ್ದೆಗಳ ಮಂಜೂರಾತಿ ಆಗದೆ ಇರಬಹುದು, ಕಡತ ಹೇಗೆ ನಡೆಯುತ್ತದೆ ಎಂದು ನನಗೂ ಗೊತ್ತು. ಪ್ರಸ್ತಾವ ಯಾವ ಮೇಜಿನ ಮೇಲಿದೆ ಎಂದಾದರೂ ತಿಳಿಸಿ. ಮರುಪತ್ರ ಕನ್ನಡದಲ್ಲಿರಲಿ. ಒಂದು ಪ್ರತಿ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೂ ಹೋಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ